ಉಗುರುಬೆಚ್ಚಗಿನ ನೀರು

ಗೀಸರಿನ ಮೇಲೂ ಒಂದು ಕತೆಯೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ಬಚ್ಚಲಿನ ವಿಷಯ, ಅದರಲ್ಲೂ ಇಬ್ಬರು ವಯಸ್ಸಾದವರ ಬಚ್ಚಲಿನ ವಿಷಯ ಆಡಬಾರದೆಂಬ ತಿಳಿವಳಿಕೆ ನನಗೂ ಇದೆ. ಆ ಚಳಿಗಾಲ ಅವರ ಗಾಡಿಯಿಂದ ನಾಲ್ಕನೆಯದು ನಮ್ಮ ಗಾಡಿಯಾಗಿತ್ತು ಎಂಬುದಷ್ಟೇ ನನಗಿರುವ ಅಧಿಕಾರ. ಉಳಿದದ್ದು ಆ ಇಬ್ಬರಲ್ಲಿ ಗಂಡನಾದ ಆರ್ಲೆನ್ ತಾನಾಗಿ ಹೇಳಿಕೊಂಡದ್ದು, ಅವನು ಹೇಳದೆ ನಿಲ್ಲಿಸಿದ ಕಡೆಗಳಲ್ಲಿ ನಾನು ತುಂಬಿಕೊಂಡದ್ದು. ತುಂಬಿದ್ದು ತಪ್ಪಾಗಿದ್ದರೆ ಆ ತಪ್ಪು ನನ್ನದು. ಅವನ ಪಾಲಿನದು ಅವನಿಗೆ ಸಾಕಷ್ಟಿದೆ.

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಆರ್ಲೆನ್ ಕಾಫಿಯ ಲೋಟ ಹಿಡಿದುಕೊಂಡು ತನ್ನ ಗಾಡಿಯ ಎಡಮಗ್ಗುಲನ್ನೇ ನೋಡುತ್ತ ನಿಂತಿದ್ದ. ಮಲಗುವ ಕೋಣೆ, ಅಡುಗೆಯ ಕಟ್ಟೆ, ಬಚ್ಚಲು ಎಲ್ಲವೂ ಮೂವತ್ತು ಅಡಿಯೊಳಗೆ ಅಡಕವಾಗಿರುವ, ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಮನೆ ಅದು. ಮಗ್ಗುಲಲ್ಲಿ ಮೊಣಕಾಲೆತ್ತರಕ್ಕೆ ಒಂದು ಬಿಳಿ ತಗಡಿನ ಬಾಗಿಲು. ಅದರ ಹಿಂದೆ ಹಳೆಯ ಗೀಸರು, ಆರು ಗ್ಯಾಲನ್ನಿನ, ಅಂದರೆ ಇಪ್ಪತ್ತಮೂರು ಲೀಟರಿನಷ್ಟು ನೀರು ಹಿಡಿಯುವ ಟ್ಯಾಂಕು. ಅದನ್ನು ಕಿತ್ತು ಅಲ್ಲಿ ಟ್ಯಾಂಕಿಲ್ಲದ ಗೀಸರು ಕೂರಿಸುವುದೋ ಬೇಡವೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು. ಹೊಸದು ನಲ್ಲಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ, ಹರಿಯುವ ನೀರನ್ನು ಹರಿಯುತ್ತಿರುವಂತೆಯೇ ಕಾಯಿಸುತ್ತದೆ, ನಲ್ಲಿ ಮುಚ್ಚಿದರೆ ಆರಿಹೋಗುತ್ತದೆ. ಮುಗಿಯದ ಬಿಸಿನೀರು ಎಂದು ಅದರ ಡಬ್ಬದ ಮೇಲೆ ಬರೆದಿರುತ್ತದೆ. ದಕ್ಷಿಣದ ಮರುಭೂಮಿಯಲ್ಲಿರುವ ಕ್ವಾರ್ಟ್ಸ್‌ಸೈಟಿನ ಈ ಬಯಲಲ್ಲಿ ನೀರಿನ ಪ್ರತಿ ಹನಿಯನ್ನೂ ಊರಿನಿಂದ ಕ್ಯಾನುಗಳಲ್ಲಿ ತುಂಬಿ ತರಬೇಕು, ಬಳಸಿದ ಕೊಳೆನೀರನ್ನು ಮತ್ತೆ ಊರಿಗೇ ಒಯ್ದು ಸುರಿಯಬೇಕು. ಮುಗಿಯದ್ದು ಎಂದರೆ ಇಲ್ಲಿ ಬಿಸಿಲು, ಕಲ್ಲು, ಮತ್ತೆ ಪಕ್ಕದ ಗಾಡಿಯವರ ಸಲಹೆ. ಯಾರದಾದರೂ ಗಾಡಿಯ ಯಾವುದಾದರೂ ಮುಚ್ಚಳ ತೆರೆದುಕೊಂಡರೆ ಸಾಕು, ಐದು ನಿಮಿಷದಲ್ಲಿ ಮೂವರು ಗಂಡಸರು ಜೇಬಿನಲ್ಲಿ ಕೈಯಿಟ್ಟು ಸುತ್ತ ನಿಂತಿರುತ್ತಾರೆ. ಆ ಮೂವರಲ್ಲಿ ರಾಯ್ಸ್ ಎಂಬ ಓಕ್ಲಹೋಮದವನು ಯಾವಾಗಲೂ ಒಬ್ಬ. ಅವನ ಗಾಡಿಗೆ ಟ್ಯಾಂಕಿಲ್ಲದ ಗೀಸರು ಬಂದು ಒಂದು ವರ್ಷವಾಗಿತ್ತು. ಅಂದಿನಿಂದ ಅವನು ಆರ್ಲೆನ್‌ನ ಬಚ್ಚಲನ್ನು ಗೇಲಿ ಮಾಡದೆ ಬಿಟ್ಟ ದಿನವಿಲ್ಲ. ನಿನ್ನ ಗಾಡೀಲಿ ಸ್ನಾನ ಮಾಡೋದು ಅಂದ್ರೆ ಪಾದ್ರಿ ಕೈಯಲ್ಲಿ ನೀರು ಚಿಮುಕಿಸಿಕೊಂಡ ಹಾಗೆ ಕಣಪ್ಪಾ ಎಂದು ಎಲ್ಲರೆದುರಿಗೆ ಹೇಳಿ ತಾನೇ ಮೊದಲು ನಗುತ್ತಿದ್ದ.

ಆರ್ಲೆನ್ ನಗುತ್ತಿರಲಿಲ್ಲ. ಅವನ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿತ್ತು, ಗಾಡಿಯ ಕೆಲಸಗಳನ್ನೆಲ್ಲ ಕ್ರಮವಾಗಿ ಬರೆದಿಟ್ಟ ಪುಸ್ತಕ. ಅದರ ಕೊನೆಯ ಹಾಳೆಯಲ್ಲಿ ಗೀಸರಿನ ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ ಬರೆದಿದ್ದ. ವಿರೋಧ ಉದ್ದವಾಗಿತ್ತು. ನೌಕಾಪಡೆಯವರ ಹಾಗೆ ಮೈ ಒದ್ದೆ ಮಾಡಿ, ನಲ್ಲಿ ಮುಚ್ಚಿ, ಸೋಪು ಹಚ್ಚಿ, ಮತ್ತೆ ನಲ್ಲಿ ತೆರೆದು ತೊಳೆದುಕೊಳ್ಳುವುದು ಈ ಬಯಲಿನ ಸ್ನಾನದ ಪದ್ಧತಿ. ಟ್ಯಾಂಕಿಲ್ಲದ ಗೀಸರಿಗೆ ಈ ಪದ್ಧತಿಯೇ ಆಗಿಬರುವುದಿಲ್ಲ. ಮುಚ್ಚಿ ತೆರೆದಾಗಲೆಲ್ಲ ಮೊದಲು ತಣ್ಣೀರು ಬಂದು ಆಮೇಲೆ ಬಿಸಿ ಬರುತ್ತದೆ, ಆ ತಣ್ಣೀರು ವ್ಯರ್ಥ. ಹೊಸದಕ್ಕೆ ಗೋಡೆಯ ತೂತನ್ನು ದೊಡ್ಡದು ಮಾಡಬೇಕು. ಗಾಳಿ ಬೀಸಿದರೆ ಜ್ವಾಲೆ ಆರುತ್ತದೆ. ಹೀಗೆ ಏಳು ಕಾರಣಗಳು. ಪರದ ಕಡೆ ಒಂದೇ ಪದವಿತ್ತು: ಲವಾನ್.

ಲವಾನ್ ಅವನ ಹೆಂಡತಿ. ಭಾನುವಾರ ಬೆಳಿಗ್ಗೆ ರೊಟ್ಟಿಗೆ ಬೆಣ್ಣೆ ಸವರುತ್ತ, ಚಾಕುವಿನಿಂದ ಕಣ್ಣೆತ್ತದೆ, ಶುಕ್ರವಾರ ತಾನು ಉತ್ತರದ ಮೈನಾಟಿಗೆ, ಅಕ್ಕ ಆರ್ಡಿಸಳ ಮನೆಗೆ ಹೋಗುತ್ತೇನೆ, ವಸಂತದವರೆಗೆ ಅಲ್ಲಿರುತ್ತೇನೆ ಎಂದಿದ್ದಳು. ಆರ್ಡಿಸಳಿಗೆ ಹುಷಾರಿಲ್ಲವೇ ಎಂದು ಅವನು ಕೇಳಿದ. ಹುಷಾರಾಗಿದ್ದಾಳೆ ಎಂದಳು. ಮತ್ತೆ? ಅವಳ ಮನೇಲಿ ಬಚ್ಚಲತೊಟ್ಟಿ ಇದೆ, ಎಂದಳು. ಅಷ್ಟೇ. ರೊಟ್ಟಿಯನ್ನು ಕರ್ಣಕ್ಕೆ ಕತ್ತರಿಸಿ ಅವನ ತಟ್ಟೆಗೆ ಅರ್ಧ ಹಾಕಿದಳು. ಜನವರಿಯಲ್ಲಿ ಮೈನಾಟಿನಲ್ಲಿ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುತ್ತದೆ. ಆ ಚಳಿಯಿಂದ ತಪ್ಪಿಸಿಕೊಂಡು ಬರುವುದಕ್ಕೆಂದೇ ನಾರ್ತ್ ಡಕೋಟದ ಅರ್ಧ ಮುದುಕರು ಈ ಬಯಲಿನಲ್ಲಿ ಗಾಡಿ ನಿಲ್ಲಿಸುತ್ತಾರೆ. ಒಂದು ತೊಟ್ಟಿ ಬಿಸಿನೀರಿಗಾಗಿ ಅದೇ ಚಳಿಯೊಳಕ್ಕೆ ವಾಪಸು ಹೋಗುವವಳನ್ನು ಏನೆನ್ನುವುದು? ಹಟ ಎಂದುಕೊಂಡ ಮೊದಲು. ಸೋಮವಾರದ ಹೊತ್ತಿಗೆ ಹಟವೆಂಬ ಪದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮಾಂಸದ ಎಳೆಯಂತೆ ಕಿರಿಕಿರಿ ಮಾಡತೊಡಗಿತು. ವಸಂತದವರೆಗೆ ಎಂದಳು, ವಸಂತದಲ್ಲಿ ಬರುತ್ತೇನೆ ಎನ್ನಲಿಲ್ಲ. ಅವನು ಆ ಎರಡು ಮಾತುಗಳನ್ನು ಬೋಲ್ಟು ನಟ್ಟುಗಳ ಹಾಗೆ ಒಂದಕ್ಕೊಂದು ಹೊಂದಿಸಿ ನೋಡಿದ. ಹೊಂದಲಿಲ್ಲ. ಸೋಮವಾರ ಮಧ್ಯಾಹ್ನ ರಿಪೇರಿಯವಳಿಗೆ ಫೋನ್ ಮಾಡಿದ.

ಮೂವತ್ತೊಂದು ವರ್ಷ ಅವನು ಒಂದು ಪ್ರೌಢಶಾಲೆಯ ಬಾಯ್ಲರ್ ಕೋಣೆಯಲ್ಲಿ ಕೆಲಸ ಮಾಡಿದವನು. ಹಗಲು ನೆಲ ಒರೆಸುತ್ತ, ಸಂಜೆಯ ತರಗತಿಗೆ ಹೋಗಿ ಬಾಯ್ಲರಿನ ಪರವಾನಗಿ ಪಡೆದವನು. ಹೊರಗೆ ಹಿಮ ಕಿಟಕಿಯ ಮಟ್ಟಕ್ಕೆ ಬಂದರೂ ಒಳಗೆ ಆರುನೂರು ಮಕ್ಕಳ ಕೈ ಬೆಚ್ಚಗಿರುತ್ತಿತ್ತು, ಅದು ತನ್ನಿಂದ ಎಂಬುದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿರಬೇಕೆಂದು ಬಯಸುತ್ತಿದ್ದ. ಈ ಗಾಡಿ ಕೊಂಡ ಮೊದಲ ಚಳಿಗಾಲವೇ ಲವಾನ್ ನೀರು ಬಿಸಿಯಾಗಿ ಬರುತ್ತಿಲ್ಲ ಎಂದಾಗ ಅವನು ಎದ್ದು ನೋಡಬೇಕಿತ್ತು. ನೋಡಲಿಲ್ಲ. ಬಾಯ್ಲರಿನವನಿಗೆ ಶಾಲೆಯ ಅಡುಗೆಯವಳಾಗಿದ್ದ ಹೆಂಡತಿ ಬಿಸಿನೀರಿನ ಪಾಠ ಹೇಳುವುದೇ ಎಂಬ ಒಂದು ಸಣ್ಣ ಮುಳ್ಳು ಎಲ್ಲೋ ಚುಚ್ಚಿತು. ಆರು ಗ್ಯಾಲನ್ ಅಂದರೆ ಆರು ಗ್ಯಾಲನ್ನೇ, ನೀನು ನಿಂತುಬಿಡುತ್ತೀಯ, ಅದು ಮುಗಿಯುತ್ತದೆ ಎಂದ. ಮೊದಲಿನಿಂದಲೂ ಬಿಸಿ ಇರುವುದಿಲ್ಲ ಎಂದಳು. ನಿನಗೆ ಹಾಗನ್ನಿಸುತ್ತದೆ ಎಂದ. ತನಗೇನೂ ಅನ್ನಿಸಿರಲಿಲ್ಲವೇ? ಅನ್ನಿಸಿತ್ತು. ಆದರೆ ಹೊಲದ ಮನೆಯಲ್ಲಿ, ಶನಿವಾರ ಸಂಜೆ, ಇಬ್ಬರು ಅಣ್ಣಂದಿರು ಮಿಂದೆದ್ದ ಅದೇ ನೀರಿನಲ್ಲಿ ಮೂರನೆಯವನಾಗಿ ಕೂತು ಬೆಳೆದವನು ಅವನು. ಉಗುರುಬೆಚ್ಚಗಿನ ನೀರು ಅವನ ಮಟ್ಟಿಗೆ ಒಂದು ಸದ್ಗುಣವಾಗಿತ್ತು. ಮೂರು ದಿನಕ್ಕೊಮ್ಮೆ ಎರಡೇ ನಿಮಿಷದಲ್ಲಿ ಸ್ನಾನ ಮುಗಿಸಿ ಹೊರಬಂದು, ನೋಡಿದೆಯಾ ಎಂಬಂತೆ ಅವಳ ಕಡೆ ನೋಡುತ್ತಿದ್ದ. ಆಮೇಲೆ ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ ಗಡಿಯಾರವನ್ನು ತಂದು ಬಚ್ಚಲ ಬಾಗಿಲಿನ ಹೊರಗೆ ಇಟ್ಟ. ನಾಲ್ಕು ನಿಮಿಷಕ್ಕೆ ಅದು ಕಿರಿಗುಟ್ಟುತ್ತಿತ್ತು. ಅದು ಕಿರಿಗುಟ್ಟಿದ ಮೇಲೂ ನೀರಿನ ಸದ್ದು ನಿಲ್ಲದಿದ್ದರೆ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುತ್ತಿದ್ದ, ಮೆಲ್ಲಗೆ. ಮೆಲ್ಲಗೆ ತಟ್ಟುತ್ತಿದ್ದೆ ಎಂದು ಈಗಲೂ ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಚಳಿ ತಗುಲಿದರೆ ಅವಳ ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಾಗುತ್ತವೆ, ರಕ್ತ ವಾಪಸು ಬರುವುದಕ್ಕೆ ಕಾಲು ಗಂಟೆ ಬೇಕು. ಸ್ನಾನ ಮುಗಿಸಿ ಬಂದು ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಮೇಜಿನ ಹತ್ತಿರ ಕೂರುತ್ತಿದ್ದಳು, ತಣ್ಣಗೆ, ಬೈಸಿಕೊಂಡ ವಿದ್ಯಾರ್ಥಿನಿಯ ಹಾಗೆ. ಎರಡನೆಯ ಚಳಿಗಾಲ, ಒಂದು ಸಂಜೆ, ಆ ಕೂದಲೇ ಅರ್ಧ ಟ್ಯಾಂಕು ಕುಡಿಯುತ್ತದೆ ಎಂದು ಅವನು ತಮಾಷೆಗೆಂದು ಅಂದ. ರಾಯ್ಸ್ ಮತ್ತು ಅವನ ಹೆಂಡತಿ ಗ್ಲೆಂಡಾ ಅಲ್ಲೇ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದರು, ನಕ್ಕರು. ಮರುದಿನ ಲವಾನ್ ಗ್ಲೆಂಡಾಳ ಗಾಡಿಯ ಮುಂದೆ ಕೊರಳಿಗೆ ಟವೆಲು ಸುತ್ತಿಕೊಂಡು ಕೂತು ಸೊಂಟದವರೆಗಿದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು. ಸೆಕೆಗೆ ಒಳ್ಳೆಯದಾಯಿತು ಎಂದ ಆರ್ಲೆನ್. ಫೆಬ್ರವರಿಯಲ್ಲಿ ಯಾವ ಸೆಕೆ? ಕತ್ತರಿಸಿದ ಕೂದಲು ಗಾಳಿಗೆ ಉರುಳಿ ಕುರುಚಲು ಗಿಡಗಳಿಗೆ ಸುತ್ತಿಕೊಂಡು ಎಷ್ಟೋ ದಿನ ಅಲ್ಲೇ ಇತ್ತು, ಬೂದು ಬಣ್ಣದ್ದು. ಅದನ್ನು ನೋಡಬಾರದೆಂದು ಅವನು ಕೊಳೆನೀರಿನ ಕ್ಯಾನು ಹೊತ್ತು ಬೇರೆ ದಾರಿಯಲ್ಲಿ ಹೋಗುತ್ತಿದ್ದ.

ಲವಾನ್ ಬೆಳಿಗ್ಗೆಯೇ ಗ್ಲೆಂಡಾಳ ಜೊತೆ ಬಟ್ಟೆ ಒಗೆಯಲು ಊರಿಗೆ ಹೋಗಿದ್ದಳು. ಒಂಬತ್ತಕ್ಕೆ ರಿಪೇರಿಯವಳು ಬಂದಳು. ಮಾರಿಸೆಲ ಎಂದು ಹೆಸರು, ನಲವತ್ತರ ಹತ್ತಿರದವಳು, ವ್ಯಾನಿನ ತುಂಬ ಸಾಮಾನು, ಹತ್ತಿರದ ಯೂಮಾ ಊರಿನ ಕಡೆಯ ಮಾತು. ಹೊಸ ಗೀಸರಿನ ಡಬ್ಬ ವ್ಯಾನಿನಲ್ಲೇ ಇತ್ತು. ಅದನ್ನು ಇಳಿಸುವ ಮೊದಲು ಹಳೆಯದನ್ನು ಒಮ್ಮೆ ನೋಡುತ್ತೇನೆ ಎಂದಳು; ಬೇಕಾಗಿಲ್ಲ, ಅದು ಸತ್ತಿದೆ ಎಂದ ಆರ್ಲೆನ್. ಸತ್ತಿದ್ದರೂ ಮುಖ ನೋಡೇ ಹೂಳೋದು ಅಲ್ವಾ ಸರ್ ಎಂದು ನಕ್ಕು, ಅಡುಗೆ ಕಟ್ಟೆಯ ಬಿಸಿನೀರಿನ ನಲ್ಲಿ ತಿರುಗಿಸಿ ಬೆರಳು ಹಿಡಿದು ನಿಂತಳು. ಹೊರಗೆ ಹೋಗಿ ಬಿಳಿ ಬಾಗಿಲು ತೆರೆದು ಟ್ಯಾಂಕಿನಿಂದ ಹೊರಡುವ ಕೊಳವೆ ಮುಟ್ಟಿದವಳು ತಟ್ಟನೆ ಕೈ ಹಿಂತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡಳು. ಮತ್ತೆ ಒಳಗೆ ಬಂದು, ಹಿಂಭಾಗದ ಕೊಳವೆಗಳು ಎಲ್ಲಿ ಬರುತ್ತವೆ ಎಂದು ಕೇಳಿದಳು. ಹಾಸಿಗೆಯ ಕೆಳಗೆ ಎಂದ. ಹಾಸಿಗೆಯ ಹಲಗೆಯನ್ನು ಎತ್ತಿ ಊರುಗೋಲು ಕೊಟ್ಟು, ಲವಾನ್ ಮಡಿಸಿಟ್ಟಿದ್ದ ರಜಾಯಿಗಳ ಪೆಟ್ಟಿಗೆಯನ್ನು ಸರಿಸಿ, ಅವಳು ಟಾರ್ಚು ಹಿಡಿದು ಬಾಗಿದಳು. ಅಪರಿಚಿತ ಹೆಂಗಸೊಬ್ಬಳು ತಮ್ಮ ಹಾಸಿಗೆಯ ಕೆಳಗೆ ತಲೆ ತೂರಿಸಿದ್ದಾಳೆ ಎಂಬುದರಿಂದ ಆರ್ಲೆನ್‌ಗೆ ಮುಜುಗರವಾಗಿ ಕಿಟಕಿಯ ಕಡೆ ನೋಡಿದ.

"ಸರ್, ಟ್ಯಾಂಕಲ್ಲಿ ನೀರು ಕುದೀತಿದೆ. ಇದು ಸತ್ತಿಲ್ಲ," ಎಂದಳು ಅವಳು, ಅಲ್ಲಿಂದಲೇ. "ನಿಮ್ಮದು ಚಳಿಗಾಲದ ದಾರಿ ತೆರೆದೇ ಇದೆ."

ಅವಳು ಇನ್ನೇನೂ ವಿವರಿಸಬೇಕಾಗಿರಲಿಲ್ಲ; ಆ ಒಂದು ಮಾತಿಗೆ ಅವನಿಗೆ ಎಲ್ಲವೂ ತಿಳಿದುಹೋಯಿತು. ಆದರೂ ಅವಳು ವಿವರಿಸಿದಳು, ಅವನು ಶಾಲೆಯ ಹುಡುಗನ ಹಾಗೆ ಕೇಳಿಸಿಕೊಂಡ. ಉತ್ತರದಲ್ಲಿ ಹಿಮ ಬೀಳುವ ಮೊದಲು ಕೊಳವೆಗಳು ಒಡೆಯದಿರಲೆಂದು ಗುಲಾಬಿ ಬಣ್ಣದ ದ್ರಾವಣ ತುಂಬಿಸುತ್ತಾರೆ. ಟ್ಯಾಂಕಿಗೂ ಅದನ್ನು ತುಂಬಿ ಹಾಳುಮಾಡಬಾರದೆಂದು ಟ್ಯಾಂಕಿನ ಎರಡು ವಾಲ್ವ್ ಮುಚ್ಚಿ, ಟ್ಯಾಂಕನ್ನು ಬಳಸಿ ಹೋಗುವ ಒಂದು ಅಡ್ಡದಾರಿಯನ್ನು ತೆರೆಯುತ್ತಾರೆ. ಮೂರು ಹಿಡಿಗಳು. ದಕ್ಷಿಣಕ್ಕೆ ಬಂದ ಮೇಲೆ ಎರಡನ್ನು ತೆರೆದು ಮೂರನೆಯದನ್ನು ಮುಚ್ಚಬೇಕು. ಮುಚ್ಚದಿದ್ದರೆ ತಣ್ಣೀರು ಅಡ್ಡದಾರಿಯಲ್ಲಿ ನುಗ್ಗಿ ಬಂದು ಬಿಸಿನೀರಿಗೆ ಬೆರೆಯುತ್ತದೆ, ಟ್ಯಾಂಕು ಎಷ್ಟು ಕುದಿದರೂ ನಲ್ಲಿಗೆ ಬರುವುದು ಉಗುರುಬೆಚ್ಚಗಿನ ನೀರೇ. ಆರ್ಲೆನ್ ಜೇಬಿನ ಪುಸ್ತಕ ತೆಗೆದು ನೋಡಿದ. ನವೆಂಬರಿನ ಹಾಳೆಯಲ್ಲಿ ಅವನದೇ ದುಂಡು ಅಕ್ಷರದಲ್ಲಿತ್ತು: ಗೀಸರಿನ ಎರಡು ವಾಲ್ವ್ ತೆರೆಯುವುದು. ಅದು ಹಿಂದಿನ ಗಾಡಿಗೆ ಬರೆದ ಹಾಳೆ. ಹಿಂದಿನ ಗಾಡಿಗೆ ಇದ್ದದ್ದು ಎರಡೇ ಹಿಡಿ. ಈ ಗಾಡಿ ಕೊಂಡಾಗ ಹೊಸ ಪುಸ್ತಕಕ್ಕೆ ಆ ಸಾಲನ್ನು ನೋಡಿ ನೋಡಿ ಅಂದವಾಗಿ ನಕಲು ಮಾಡಿದ್ದ. ಪ್ರತಿ ನವೆಂಬರಿನಲ್ಲೂ ಎರಡು ತೆರೆದು, ಸಾಲಿನ ಮುಂದೆ ಗುರುತು ಹಾಕಿ, ಹಲಗೆ ಇಳಿಸಿ, ಅದರ ಮೇಲೆ ಹೆಂಡತಿಯೊಂದಿಗೆ ಮಲಗಿದ್ದ. ಮೂರು ಗುರುತುಗಳೂ ಅಲ್ಲಿದ್ದವು, ನೀಲಿ, ನೀಲಿ, ಕಪ್ಪು.

ಮಾರಿಸೆಲ ಮೂರನೆಯ ಹಿಡಿಯನ್ನು ಕಾಲು ಸುತ್ತು ತಿರುಗಿಸಿ, ಈಗ ನಲ್ಲಿ ನೋಡಿ ಎಂದಳು. ಅವನು ಕೈಯೊಡ್ಡಿದ. ಸುಟ್ಟಿತು. ಕೈ ತೆಗೆಯಲಿಲ್ಲ ಸ್ವಲ್ಪ ಹೊತ್ತು; ಆಮೇಲೆ ತೆಗೆದ. ಅವಳು ಸಾಮಾನು ಜೋಡಿಸಿಕೊಳ್ಳುತ್ತ, ಇದು ಎಷ್ಟೋ ಜನರ ಗಾಡಿಯಲ್ಲಿ ಆಗುತ್ತದೆ, ವಾರಕ್ಕೊಂದು ನೋಡುತ್ತೇನೆ ಎಂದಳು, ಸಮಾಧಾನಕ್ಕೆ. ಎಷ್ಟು ದಿನದಿಂದ ಹೀಗಿತ್ತು ಸರ್ ಎಂದೂ ಕೇಳಿದಳು. ಕೆಲವು ದಿನದಿಂದ ಎಂದ. ಹೊಸದರ ವಿಷಯವನ್ನು ಅವಳೇ ಎತ್ತಿದಳು:

"ಹಾಕ್ಲೇಬೇಕು ಅಂದ್ರೆ ಹಾಕ್ತೀನಿ, ಅದು ನನ್ನ ಕೆಲಸ. ಬೇಕಾಗಿಲ್ಲ ಅಂತ ಹೇಳೋದೂ ನನ್ನ ಕೆಲಸಾನೇ. ಆಚೆ ಎರಡು ಗಾಡಿ ನೋಡಿಕೊಂಡು ಎರಡು ಗಂಟೆಗೆ ಬರ್ತೀನಿ. ಯೋಚನೆ ಮಾಡಿರಿ."

ಯೋಚನೆ ಮಾಡಲು ಏನೂ ಇರಲಿಲ್ಲ, ಅದೇ ತೊಂದರೆ. ಲವಾನ್ ಬರುತ್ತಾಳೆ, ಇದು ಸರಿಹೋಯಿತು ಎನ್ನುತ್ತಾನೆ, ಏನಾಗಿತ್ತು ಎಂದು ಕೇಳುತ್ತಾಳೆ. ಆ ಪ್ರಶ್ನೆಯ ಆಚೆಗೆ ಅವನ ಮನಸ್ಸು ಹೋಗಲು ಒಲ್ಲೆನೆಂದಿತು. ಅವಳ ಕೋಪಕ್ಕೆ ಅವನು ಹೆದರಲಿಲ್ಲ; ಲವಾನಳಿಗೆ ಕೋಪ ಬಂದದ್ದನ್ನು ನಲವತ್ತನಾಲ್ಕು ವರ್ಷದಲ್ಲಿ ಕಂಡದ್ದು ಎರಡೋ ಮೂರೋ ಸಲ. ಅವಳು ಮೌನವಾಗಿ ಹಿಂದಿನ ಒಂದೊಂದು ಸ್ನಾನವನ್ನೂ ಎಣಿಸಿಕೊಂಡು ಹೋಗುವುದನ್ನು ಎದುರಿಗೆ ಕೂತು ನೋಡಬೇಕಲ್ಲ, ಅದಕ್ಕೆ ಹೆದರಿದ. ಹೊಸ ಗೀಸರು ಹಾಕಿಸಿಬಿಟ್ಟರೆ? ನೀರು ಸುಡುತ್ತದೆ. ಹಳೆಯದು ಮುದಿಯಾಗಿತ್ತು, ಹೊಸದು ಬಂತು, ಯಾರ ತಪ್ಪೂ ಇಲ್ಲ. ಗೋಡೆಯ ತೂತು ದೊಡ್ಡದಾಗುತ್ತದೆ, ಹಳೆಯ ಟ್ಯಾಂಕು ಕಸಕ್ಕೆ ಹೋಗುತ್ತದೆ, ಅದರ ಜೊತೆ ಮೂರು ವರ್ಷವೂ ಹೋಗುತ್ತದೆ. ಗಂಡ ಕೊನೆಗೂ ತನಗಾಗಿ ಏನೋ ಮಾಡಿದ ಎಂದು ಅವಳು ತಿಳಿಯುತ್ತಾಳೆ, ಉಳಿಯುತ್ತಾಳೆ. ಅವನು ಹಾಸಿಗೆಯ ಹಲಗೆ ಎತ್ತಿದ. ಯಾರೂ ಇರಲಿಲ್ಲ, ಆದರೂ ಬಾಗಿಲಿನ ಕಡೆ ಒಮ್ಮೆ ನೋಡಿದ. ಮಾರಿಸೆಲ ಮುಚ್ಚಿದ್ದ ಮೂರನೆಯ ಹಿಡಿಯನ್ನು ಮತ್ತೆ ತೆರೆದಿಟ್ಟ. ಮಧ್ಯಾಹ್ನ ಲವಾನ್ ಬಂದು ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದರೆ ನೀರು ಯಾವಾಗಿನ ಹಾಗೆಯೇ ಬರಬೇಕು, ಹೊಸದು ಬಂದ ಮೇಲೆಯೇ ಬಿಸಿಯಾಗಬೇಕು. ಬಾಯ್ಲರಿನ ಪರವಾನಗಿ ಪಡೆದವನ ಕೈ ಇಷ್ಟು ಮೆತ್ತಗೆ, ಇಷ್ಟು ಸಲೀಸಾಗಿ ಆ ಹಿಡಿಯನ್ನು ತಿರುಗಿಸಿದ್ದು ಅವನಿಗೇ ಆಶ್ಚರ್ಯವಾಯಿತು. ಮೂರು ವರ್ಷ ಮರೆವಿನಿಂದ ಆದದ್ದು ಈಗ ತಿಳಿದೂ ಆಯಿತು. ಇನ್ನು ಮೇಲೆ ಇದಕ್ಕೆ ಮರೆವು ಎನ್ನುವಂತಿಲ್ಲ ಎಂದು ಒಳಗೆ ಯಾರೋ ಅಂದರು, ಅವನು ಕೇಳಿಸಿಕೊಂಡ, ಹಲಗೆ ಇಳಿಸಿದ.

ಹೊರಗೆ ರಾಯ್ಸ್ ಬಂದು ನಿಂತಿದ್ದ. ವ್ಯಾನು ಬಂತು, ಡಬ್ಬ ಇಳಿಯಲಿಲ್ಲ, ಹೊರಟೂಹೋಯಿತು. ಇದನ್ನು ತಿಳಿಯದೆ ಅವನು ಊಟಕ್ಕೆ ಕೂರುವವನಲ್ಲ. ಏನಂತೆ, ಹಾಕಿಸ್ತೀಯೋ ಇಲ್ಲವೋ ಎಂದ. ಎರಡು ಗಂಟೆಗೆ ಬರುತ್ತಾಳೆ ಎಂದ ಆರ್ಲೆನ್. ಆ ಹಳೇ ಡಬ್ಬಕ್ಕೆ ಕೊನೆಗೂ ಸ್ವರ್ಗ ಸಿಗ್ತು ಅನ್ನು, ಪಾಪ, ನಿನ್ನ ಕೈಲಿ ಸಿಕ್ಕಿ ಎಷ್ಟು ನರಳಿತೋ ಎಂದು ರಾಯ್ಸ್ ಬಿಳಿ ಬಾಗಿಲನ್ನು ಬೂಟಿನ ತುದಿಯಿಂದ ತಟ್ಟಿದ. ಆರ್ಲೆನ್ ನಕ್ಕ. ಅವನು ನಕ್ಕದ್ದನ್ನು ಕಂಡು ರಾಯ್ಸ್ ಸ್ವಲ್ಪ ಗಾಬರಿಯಾದವನಂತೆ ಸುಮ್ಮನಾಗಿ, ತಮ್ಮ ಗಾಡಿಯ ಸೋಲಾರ್ ಹಲಗೆ ಒರೆಸುವುದಿದೆಯೆಂದು ಹೊರಟುಹೋದ.

ಹನ್ನೆರಡಕ್ಕೆ ಲವಾನ್ ಬಂದಳು, ಒಗೆದ ಬಟ್ಟೆಯ ಎರಡು ಚೀಲ ಹಿಡಿದು. ಮೇಜಿನ ಮೇಲೆ ಸುರುವಿ ಮಡಿಸತೊಡಗಿದಳು. ಅವನ ಬಟ್ಟೆಗಳು ಒಂದು ರಾಶಿ, ಅವಳವು ಇನ್ನೊಂದು ರಾಶಿ. ಇಷ್ಟು ವರ್ಷ ಹಾಗೆಯೇ ಮಡಿಸುತ್ತಿದ್ದಳೋ ಅಥವಾ ಶುಕ್ರವಾರಕ್ಕೆಂದು ಇವತ್ತು ಬೇರೆ ಮಾಡುತ್ತಿದ್ದಾಳೋ ಅವನಿಗೆ ನೆನಪಾಗಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಒಳಂಗಿ, ಟವೆಲು, ಕಾಲುಚೀಲ. ಬೆರಳುಗಳು ಇವತ್ತು ಗುಲಾಬಿಯಾಗಿದ್ದವು, ಬಟ್ಟೆ ಒಣಗಿಸುವ ಯಂತ್ರದ ಬಿಸಿಗೆ. ಅವನು ಬಾಯಿ ತೆರೆದಾಗ ಯಾವ ಮಾತು ಬರುತ್ತದೆಂದು ಅವನಿಗೇ ಖಚಿತವಿರಲಿಲ್ಲ.

"ನಿನಗೆ ಹೊಸ ಗೀಸರ್ ಹಾಕಿಸ್ತಿದೀನಿ," ಎಂದ. "ಟ್ಯಾಂಕಿಲ್ಲದ್ದು."

ಅವಳು ಕಾಲುಚೀಲದ ಜೊತೆಯನ್ನು ಹುಡುಕುತ್ತಿದ್ದವಳು ಹುಡುಕುವುದನ್ನು ನಿಲ್ಲಿಸಿದಳು. ನನಗಾ ಎಂದಳು. ಹೂಂ ಎಂದ. ಹೋದ ವರ್ಷ ತಾನು ಕೇಳಿದಾಗ ಅದು ನೀರು ದಂಡ ಮಾಡುತ್ತದೆ, ಬೇಡವೇ ಬೇಡ ಎಂದಿದ್ದನ್ನು ನೆನಪಿಸಿದಳು, ಆಪಾದನೆಯ ದನಿಯಲ್ಲಿ ಅಲ್ಲ, ಹೌದಲ್ಲವೇ ಎಂದು ಕೇಳುವ ಹಾಗೆ. ಈಗ ಬೇಕು ಅನ್ನಿಸಿತು ಎಂದ. ಅವಳು ಕುರ್ಚಿಯ ಮೇಲೆ ಕೂತಳು. ಹೊರಗೆ ಯಾರದೋ ಜನರೇಟರು ಗುರುಗುಟ್ಟಿ ನಿಂತಿತು. ಅವಳ ಮುಖದಲ್ಲಿ ಏನೋ ಸಡಿಲವಾಗುವುದನ್ನು ಅವನು ಕಂಡ, ಬಿಗಿದ ದಾರದ ಗಂಟು ಬಿಚ್ಚಿಕೊಂಡ ಹಾಗೆ. ಆರ್ಡಿಸಳಿಗೆ ಸಂಜೆ ಫೋನ್ ಮಾಡಿ ನೋಡುತ್ತೇನೆ, ಈ ಶುಕ್ರವಾರವೇ ಹೋಗಬೇಕೆಂದೇನಿಲ್ಲ ಎಂದಳು. ಅವನಿಗೆ ಬೇಕಾಗಿದ್ದ ಮಾತು ಅದೇ. ಅದು ಇಷ್ಟು ಸುಲಭವಾಗಿ, ಅರ್ಧ ನಿಮಿಷದಲ್ಲಿ, ಮೇಜಿನ ಮೇಲೆ ಬಂದು ಬಿದ್ದಿತ್ತು. ತೆಗೆದುಕೊಳ್ಳುವುದಷ್ಟೇ ಬಾಕಿ. ಮಾಂಸ ಆಲೂಗಡ್ಡೆ ಸೇರಿಸಿ ಬೇಯಿಸಿದ್ದ ಹಾಟ್‌ಡಿಶ್ ಬಿಸಿ ಮಾಡಿ ಇಬ್ಬರೂ ಉಂಡರು. ಎಷ್ಟೋ ದಿನದ ಮೇಲೆ ಅವಳು ಊಟದ ಹೊತ್ತಿನಲ್ಲಿ ಮಾತಾಡಿದಳು: ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಾರೋ ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರಂತೆ, ಅದು ಯಂತ್ರದ ಜೊತೆ ಜಗಳವಾಡುತ್ತಿತ್ತಂತೆ. ಅವನು ನಕ್ಕ, ಮತ್ತೆ. ಅವಳು ತಟ್ಟೆ ತೊಳೆಯುವಾಗ ನಲ್ಲಿಯ ಕೆಳಗೆ ಬೆರಳು ಹಿಡಿದು, ನೀರು ಬಿಸಿಯಾಗಲು ಕಾದು, ಆಗದೆ, ಅದರಲ್ಲೇ ತೊಳೆದಳು. ಅವನು ಟವೆಲಿನಿಂದ ತಟ್ಟೆ ಒರೆಸುತ್ತ ಪಕ್ಕದಲ್ಲೇ ನಿಂತಿದ್ದ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ವ್ಯಾನಿನ ಧೂಳು ಕಂಡಿತು. ಲವಾನ್ ಬಾಗಿಲ ಮೆಟ್ಟಿಲಿನ ಮೇಲೆ ನಿಂತು ಅದನ್ನೇ ನೋಡುತ್ತಿದ್ದಳು. ಆಮೇಲೆ, ವ್ಯಾನನ್ನು ನೋಡುತ್ತಲೇ, ಅವನ ಕಡೆ ತಿರುಗದೆ ಹೇಳಿದಳು:

"ನಾನೂ ಜಾಸ್ತಿ ನೀರು ಸುರೀತಿದ್ನೇನೋ ಆರ್ಲೆನ್. ನೀನು ಹೇಳ್ತಿದ್ದಿದ್ದೂ ಸರೀನೇ ಇತ್ತೇನೋ. ಸುಮ್ಮನೆ ನಿನ್ನ ಮೇಲೆ ಮನಸ್ಸಲ್ಲಿ ಇಟ್ಕೊಂಡಿದ್ದೆ."

ಬೈದಿದ್ದರೆ ಅವನು ಸುಮ್ಮನಿದ್ದುಬಿಡುತ್ತಿದ್ದ. ಹೋಗುತ್ತೇನೆ ಎಂದಿದ್ದರೂ ಸುಮ್ಮನಿರುತ್ತಿದ್ದ. ಅವಳು ಕ್ಷಮೆ ಕೇಳಿದ್ದು, ಅದೂ ಬೆನ್ನು ಹಾಕಿಕೊಂಡು, ಕಿವಿಯ ಮಟ್ಟದ ಕೂದಲಿನ ಕೆಳಗೆ ಬಡಕಲು ಕತ್ತು ಕಾಣುವಂತೆ ನಿಂತು, ಅದು ಅವನಿಗೆ ತಡೆಯಲಾಗಲಿಲ್ಲ. ಮಾರಿಸೆಲ ಡಬ್ಬ ಹೊತ್ತು ಬಂದು ಮೆಟ್ಟಿಲ ಹತ್ತಿರ ಇಟ್ಟಳು. ಲವಾನ್ ಅವಳಿಗೆ ನಮಸ್ಕಾರ ಹೇಳಿ, ಹಳೆಯದು ಪೂರ್ತಿ ಹೋಗಿರಬೇಕು ಅಲ್ಲವೇ ಎಂದು ಸಲುಗೆಯಿಂದ ಕೇಳಿದಳು. ಮಾರಿಸೆಲ ಆರ್ಲೆನ್‌ನ ಮುಖ ನೋಡಿದಳು. ಅದು ನಿಮ್ಮ ಮನೆಯವರಿಗೆ ಗೊತ್ತು ಮೇಡಂ, ಅವರನ್ನೇ ಕೇಳಿ ಎಂದು ಬಾಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದಳು, ಕಟ್ಟಿದ್ದನ್ನೇ ಬಿಚ್ಚಿ.

ಆರ್ಲೆನ್ ಹೇಳಿದ. ಹೇಗೆ ಹೇಳಬಾರದೋ ಹಾಗೆ ಹೇಳಿದ. ಹಿಂದಿನ ಗಾಡಿಗೆ ಎರಡೇ ವಾಲ್ವ್ ಇದ್ದವು ಎಂಬಲ್ಲಿಂದ ಶುರುಮಾಡಿದ. ಗಾಡಿ ಮಾರಿದವನು ಏನೂ ತಿಳಿಸಲಿಲ್ಲ ಎಂದ. ಪುಸ್ತಕ ತೆಗೆದು ಹಾಳೆ ತೋರಿಸಿದ. ಎಷ್ಟೋ ಜನಕ್ಕೆ ಆಗುತ್ತಂತೆ, ವಾರಕ್ಕೊಂದು ನೋಡುತ್ತಾಳಂತೆ ಎಂದು ಮಾರಿಸೆಲಳ ಸಾಕ್ಷಿ ಕೊಟ್ಟ. ಮೂರು ವರ್ಷ ಎಂಬ ಮಾತನ್ನು ಅವನು ಆಡಲಿಲ್ಲ. ಅದನ್ನು ಆಡಿದ್ದು ಲವಾನ್.

"ಮೂರು ವರ್ಷ," ಎಂದಳು. ಆಮೇಲೆ, "ಇವತ್ತು ಬೆಳಿಗ್ಗೆ ಗೊತ್ತಾಯ್ತು ನಿನಗೆ."

ಹೌದು ಎಂದ.

"ಮಧ್ಯಾಹ್ನ ನಾನು ತಟ್ಟೆ ತೊಳೆದೆನಲ್ಲ. ಆಗ ಗೊತ್ತಿತ್ತು."

ಅವಳು ಒಳಗೆ ನಡೆದು ಹಾಸಿಗೆಯ ಹಲಗೆಯನ್ನು ಎತ್ತಿ, ಊರುಗೋಲು ಕೊಟ್ಟಳು. ಅವನು ಹಿಂದೆಯೇ ಹೋದ. ಯಾವುದೆಂದು ತೋರಿಸಲು ಅವನು ಬೆರಳು ಚಾಚುವಷ್ಟರಲ್ಲಿ ಅವಳು ರಜಾಯಿಯ ಪೆಟ್ಟಿಗೆಯ ಹಿಂದೆ ಕೈ ತೂರಿಸಿ ಮೂರನೆಯ ಹಿಡಿಯನ್ನು ಹಿಡಿದು ಕಾಲು ಸುತ್ತು ತಿರುಗಿಸಿ ಮುಚ್ಚಿದ್ದಳು. ನೋಡದೆ, ತೋರುಬೆರಳೊಂದರಿಂದ, ಕತ್ತಲಲ್ಲಿ ದೀಪದ ಗುಂಡಿ ಒತ್ತುವವರ ಹಾಗೆ. ಆಗ ಅವನಿಗೆ ಹೋದ ಫೆಬ್ರವರಿಯ ಒಂದು ದಿನ ನೆನಪಾಯಿತು. ಇಲಿ ಸೇರಿದೆಯೇ ಎಂದು ನೋಡಲು ಹಲಗೆ ಎತ್ತಿದಾಗ ಒಂದು ಹಿಡಿ ಅಡ್ಡಕ್ಕೆ ತಿರುಗಿ ಮುಚ್ಚಿಕೊಂಡಿತ್ತು. ಪೆಟ್ಟಿಗೆ ತಾಗಿ ತಿರುಗಿರಬೇಕೆಂದುಕೊಂಡು ಅದನ್ನು ತಾನು ಮತ್ತೆ ನೆಟ್ಟಗೆ ಮಾಡಿದ್ದ, ಬೇರೆ ಎರಡರ ಹಾಗೆ. ಹೊರಗೆ ಬಂದು, ಇಲ್ಲೆಲ್ಲ ಕೈ ಹಾಕಬೇಡ ಲವಾನ್, ನಿನಗೆ ಗೊತ್ತಾಗಲ್ಲ ಎಂದಿದ್ದ. ಅವಳು ಆಗ ಏನೆಂದಳು? ಏನೂ ಎಂದಿರಲಿಲ್ಲ. ಅದಕ್ಕೆ ಮುಂಚಿನ ಮೂರು ನಾಲ್ಕು ದಿನ ಅವಳು ಸ್ನಾನ ಮಾಡಿ ಬಂದು ಕೈ ಅಡಗಿಸಿಕೊಳ್ಳದೆ ಕೂತಿದ್ದಳೇ, ಹಾಡು ಗುನುಗಿದ್ದಳೇ, ನೆನಪು ಮಾಡಿಕೊಳ್ಳಲು ಅಲ್ಲೇ ನಿಂತು ಪ್ರಯತ್ನಿಸಿದ. ನೆನಪಾಗಲಿಲ್ಲ. ಅವನು ಅವಳನ್ನು ನೋಡಿರಲಿಲ್ಲ. ಆ ದಿನಗಳಲ್ಲಿ ನೋಡಿದ್ದು ಗಡಿಯಾರವನ್ನು.

ಮಾರಿಸೆಲ ಹೊರಗಿನಿಂದ, ಹಾಗಾದರೆ ಡಬ್ಬ ಏನು ಮಾಡಲಿ ಎಂದು ಕೇಳಿದಳು, ಯಾರನ್ನೆಂದು ಹೇಳದೆ. ಲವಾನ್ ಬಾಗಿಲಿಗೆ ಬಂದಳು. ಹೊಸದರ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದಳು, ಅಂಗಡಿಯಲ್ಲಿ ತರಕಾರಿ ಆರಿಸುವವಳ ನಿಧಾನದಲ್ಲಿ: ನಲ್ಲಿ ಮುಚ್ಚಿ ತೆರೆದರೆ ತಣ್ಣೀರು ಬರುತ್ತದಂತೆ ಹೌದೇ, ಎಷ್ಟು ಹೊತ್ತು, ಗಾಳಿಗೆ ಆರುತ್ತದೆಯೇ. ಮಾರಿಸೆಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆರ್ಲೆನ್ ಹಾಸಿಗೆಯ ಎತ್ತಿದ ಹಲಗೆಯ ಪಕ್ಕ ನಿಂತು, ಹಾಕಿಸೋಣ ಎಂದೋ, ನಿನಗೆ ಬೇಕಾದರೆ ಹಾಕಿಸು ಎಂದೋ, ಏನೋ ಒಂದು ಹೇಳಬೇಕೆಂದು ಹೊರಟ. ಅಷ್ಟರಲ್ಲಿ ಲವಾನ್ ತಲೆಯಾಡಿಸಿದಳು.

"ಬೇಡಮ್ಮ, ವಾಪಸ್ ತಗೊಂಡು ಹೋಗು. ಒಬ್ಬರಿಗೆ ಆರು ಗ್ಯಾಲನ್ ಧಾರಾಳ ಆಗುತ್ತೆ."

ಅದನ್ನು ಅವಳು ಅಣಕಿಸಿ ಹೇಳಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು, ದನಿಯೆತ್ತದೆ. ಮಾರಿಸೆಲ ಡಬ್ಬ ಎತ್ತಿಕೊಂಡಳು. ಅಂದಿನಿಂದ ಗುರುವಾರದವರೆಗೆ ಆ ಗಾಡಿಯ ನಲ್ಲಿಯಲ್ಲಿ ಸುಡುವ ನೀರು ಬರುತ್ತಿತ್ತು. ಬುಧವಾರ ಬೆಳಿಗ್ಗೆ ಆರ್ಲೆನ್ ಊರಿಗೆ ಎರಡು ಸಲ ಹೋಗಿ ಗಾಡಿಯ ನೀರಿನ ತೊಟ್ಟಿ ತುಂಬಾ ನೀರು ತಂದು ಹಾಕಿ, ಎಷ್ಟು ಬೇಕಾದರೂ ಬಳಸು ಎಂದ. ಲವಾನ್ ಸ್ನಾನ ಮಾಡಲಿಲ್ಲ. ಟವೆಲು ಒದ್ದೆ ಮಾಡಿ ಮೈ ಒರೆಸಿಕೊಂಡಳು. ಶುಕ್ರವಾರ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನು ಬಂದಾಗ ನಾವೆಲ್ಲ ಅವಳನ್ನು ಬೀಳ್ಕೊಡಲು ಹೊರಗೆ ಬಂದಿದ್ದೆವು. ಮೈನಾಟಿನ ಚಳಿಗೆಂದು ದಪ್ಪ ಕೋಟನ್ನು ತೋಳ ಮೇಲೆ ಹಾಕಿಕೊಂಡು, ಎಳೆ ಬಿಸಿಲಿನಲ್ಲಿ, ಎಲ್ಲರಿಗೂ ಕೈ ಕೊಟ್ಟಳು; ಗಂಡನಿಗೂ ಕೊಟ್ಟಳು. ಆ ಕೈ ಬೆಚ್ಚಗಿತ್ತು ಎಂದು ಅವನು ನನಗೆ ಆಮೇಲೆ ಹೇಳಿದ.

ಮಾರ್ಚಿನಲ್ಲಿ ಬಯಲು ಖಾಲಿಯಾಗತೊಡಗುತ್ತದೆ. ನಾವು ಹೊರಟಾಗ ಅವನ ಗಾಡಿ ಇನ್ನೂ ಅಲ್ಲೇ ಇತ್ತು. ಅವಳು ವಸಂತದಲ್ಲಿ ಬಂದಳೇ ಎಂಬುದು ನನಗೆ ತಿಳಿಯದು. ಅವರು ಮರುವರ್ಷ ಆ ಸಾಲಿಗೆ ಬರಲಿಲ್ಲ, ಇಬ್ಬರಲ್ಲಿ ಯಾರೂ. ಆ ಹಿಡಿಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತೇ, ಗೊತ್ತಿದ್ದೂ ಅವನ ಬಾಯಿಂದಲೇ ಬರಲೆಂದು ಮೆಟ್ಟಿಲ ಮೇಲೆ ನಿಂತು ಆ ಮಾತು ಆಡಿದಳೇ, ಅಥವಾ ಪಾಪ, ನಿಜವಾಗಿಯೂ ತನ್ನದೇ ತಪ್ಪೆಂದು ನಂಬಿದ್ದಳೇ? ಮೂರು ಹಿಡಿಗಳಲ್ಲಿ ಯಾವುದನ್ನು ಮುಚ್ಚಬೇಕೆಂದು ಅವನ ವಿವರಣೆ ಕೇಳಿದ ಯಾರಾದರೂ ಊಹಿಸಬಹುದಿತ್ತು ಎಂದು ನಾನು ಅವನಿಗೆ ಹೇಳಿದ್ದೆ. ಹಾಗೂ ಇರಬಹುದು ಎಂದ. ಅವಳನ್ನು ಕೇಳಲಿಲ್ಲವೇ ಎಂದಾಗ, ಇಲ್ಲ ಎಂದ. ಯಾಕೆ ಎಂದು ನಾನೂ ಕೇಳಲಿಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ.